ಬಜ್ಪೆಯ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯ ಮೇಲೇಕೆ?

ಪ್ರಶ್ನೆ: ಮಂಗಳೂರಿನಲ್ಲಿ ವಿಮಾನ ಇಳಿಯುವಾಗ ರನ್‌ವೇಯ ಆಚೀಚೆ ಕಣಿವೆ ಕಾಣಿಸುತ್ತದೆ. ಕೆಳಗೆ ಸಮತಟ್ಟಾದ ಜಾಗವಿರುವಾಗ ನಿಲ್ದಾಣವನ್ನು ಗುಡ್ಡದ ಮೇಲೇಕೆ ಕಟ್ಟಿದರು? ಗುಡ್ಡದ ನೆತ್ತಿಯ ಮೇಲಿನ ಇಂಥ ‘ಟೇಬಲ್‌ಟಾಪ್’ ರನ್‌ವೇ ಎಂದರೆ ಅಪಾಯವೆಂದೇ ಅರ್ಥವೇ?

ಉತ್ತರ: ನಮ್ಮ ಕರಾವಳಿಯ ನೆಲದ ರಚನೆಯಲ್ಲೇ ಮೊದಲ ಭಾಗಕ್ಕೆ ಉತ್ತರವಿದೆ. ಇಲ್ಲಿನ ಮುರಕಲ್ಲಿನ ಗುಡ್ಡಗಳಿಗೆ ಅನೇಕ ಕಡೆ ಚೂಪಾದ ಶಿಖರವಿರುವುದಿಲ್ಲ, ನೆತ್ತಿ ಚಪ್ಪಟೆಯಾಗಿರುತ್ತದೆ. ಅಂಥ ನೆಲಕ್ಕೆ ತುಳುವಿನಲ್ಲಿ ‘ಪದವು’ ಎಂಬ ಹೆಸರೇ ಇದೆ. ನಗರದ ಪದವಿನಂಗಡಿ ಆ ಹೆಸರನ್ನು ಇಂದಿಗೂ ಹೊತ್ತಿದೆ. ಗುಡ್ಡಗಳ ನಡುವಿನ ತಗ್ಗು ನೆಲವಾದರೋ ಬೈಲು: ಗದ್ದೆ, ಅಡಿಕೆ ಮತ್ತು ತೆಂಗಿನ ತೋಟ, ತೋಡು, ಮನೆಗಳು. ಮಳೆಗಾಲದಲ್ಲಿ ಬೈಲಿನಲ್ಲಿ ನೀರು ನಿಲ್ಲುತ್ತದೆ, ಮೇಲಾಗಿ ಅಲ್ಲಿಗೆ ಬರುವ ವಿಮಾನಕ್ಕೆ ಸುತ್ತಲಿನ ಗುಡ್ಡಗಳೇ ಅಡ್ಡವಾಗುತ್ತವೆ. ಕಲ್ಲು ಗಟ್ಟಿಯಾಗಿರುವ, ನೀರು ಹರಿದುಹೋಗುವ, ಬೇಸಾಯಕ್ಕೆ ಹೆಚ್ಚು ಬಳಕೆಯಾಗದ ಪದವೇ ರನ್‌ವೇಗೆ ತಕ್ಕ ಜಾಗವೆನಿಸಿದ್ದು ಸಹಜ ಎಂದು ನನಗನ್ನಿಸುತ್ತದೆ.

ನಗರದಿಂದ ಸುಮಾರು 13 ಕಿ.ಮೀ. ದೂರದ ಬಜ್ಪೆಯಲ್ಲಿ, ಸಮುದ್ರಮಟ್ಟದಿಂದ ನೂರು ಮೀಟರುಗಳಷ್ಟು ಎತ್ತರದಲ್ಲಿ, ಈ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅಂದು ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಡಕೋಟಾದಂಥ ಸಣ್ಣ ವಿಮಾನಗಳಿಗೆ 1,615 ಮೀಟರ್ ಉದ್ದದ ಆ ರನ್‌ವೇ ಸಾಕಾಗುತ್ತಿತ್ತು. ತುಂಬಿದ ಭಾರದೊಡನೆ ಕೊಲ್ಲಿ ರಾಷ್ಟ್ರಗಳಿಗೆ ಹಾರಬೇಕಾದ ಜೆಟ್‌ಗಳಿಗೆ ಸಾಲದು. ದುಬೈಯಲ್ಲಿ ದುಡಿಯುವ ನಮ್ಮ ಜಿಲ್ಲೆಯ ಎಷ್ಟೋ ಜನ ಮುಂಬೈ ಸುತ್ತಿ ಊರು ಸೇರುತ್ತಿದ್ದ ಕಾಲವದು. ಗುಡ್ಡ ಕಡಿದು, ತಗ್ಗು ತುಂಬಿಸಿ ಕಟ್ಟಿದ 2,450 ಮೀಟರ್ ಉದ್ದದ ಎರಡನೆಯ ರನ್‌ವೇ 2006ರಲ್ಲಿ ಬಳಕೆಗೆ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ದುಬೈಗೆ ನೇರ ವಿಮಾನವೂ ಹೊರಟಿತು. ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ 15ರಂದು.

ಅದಾಗಿ ಒಂದು ವಾರಕ್ಕೆ, ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಮಡಿದರು, ಎಂಟು ಮಂದಿ ಉಳಿದರು. ಪ್ರಶ್ನೆಯ ಎರಡನೆಯ ಭಾಗದ ಹಿಂದೆ ಇರುವುದು ಈ ನೆನಪೇ ಆದ್ದರಿಂದ ತನಿಖೆ ಕಂಡುಕೊಂಡದ್ದನ್ನು ಸ್ಪಷ್ಟವಾಗಿ ಹೇಳಬೇಕು. ವಿಮಾನವು ಇಳಿಯುವ ಹಾದಿಯಲ್ಲಿ ಇರಬೇಕಾದುದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿತ್ತು. ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಮುಖ್ಯ ಪೈಲಟ್ ಇಳಿಸುವುದನ್ನು ಕೈಬಿಡಲಿಲ್ಲ. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಹೀಗಾಗಿ ರನ್‌ವೇ ಚಿಕ್ಕದಾದ್ದರಿಂದಲೇ ದುರಂತವಾಯಿತು ಎಂಬ ಮಾತು ಸರಿಯಲ್ಲ. ಅಷ್ಟು ಉದ್ದ ಆ ವಿಮಾನಕ್ಕೆ ಸಾಕಾಗಿತ್ತು.

ಹಾಗೆಂದು ಗುಡ್ಡದ ಪಾತ್ರವೇ ಇಲ್ಲವೆನ್ನಲಾಗದು. ಸಮತಟ್ಟಾದ ನೆಲದಲ್ಲಿ ರನ್‌ವೇ ದಾಟಿದ ವಿಮಾನಕ್ಕೆ ಮಣ್ಣಿನಲ್ಲಿ ಹೂತು ನಿಲ್ಲುವ ಅವಕಾಶವಾದರೂ ಇರುತ್ತದೆ, ಇಲ್ಲಿ ಅಂಚಿನ ಆಚೆ ಇಳಿಜಾರೇ. 1981ರ ಆಗಸ್ಟ್‌ನಲ್ಲಿ, ಮಳೆಯ ನಡುವೆ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನವೊಂದು ಹಳೆಯ ರನ್‌ವೇಯ ಅಂಚು ದಾಟಿ ನಿಂತಿತ್ತು. ಆಗ ಯಾರ ಪ್ರಾಣವೂ ಹೋಗಲಿಲ್ಲ. 2020ರ ಆಗಸ್ಟ್‌ನಲ್ಲಿ ಇಂಥದೇ ಗುಡ್ಡದ ಮೇಲಿನ ಕೋಯಿಕ್ಕೋಡ್ ರನ್‌ವೇಯಲ್ಲಿ ಅಷ್ಟು ಅದೃಷ್ಟವಿರಲಿಲ್ಲ. ಟೇಬಲ್‌ಟಾಪ್ ರನ್‌ವೇ ತಾನಾಗಿ ಅಪಘಾತ ತರುವುದಿಲ್ಲ, ಆದರೆ ತಪ್ಪನ್ನು ತಿದ್ದಿಕೊಳ್ಳಲು ಅದು ಕೊಡುವ ಜಾಗ ಕಡಿಮೆ.

ರನ್‌ವೇಯ ಕೊನೆಯಲ್ಲಿ ಬಿಡುವ ಸುರಕ್ಷತಾ ಪ್ರದೇಶಕ್ಕೆ ನಮ್ಮಲ್ಲಿ ಇಷ್ಟು ಮಹತ್ವ ಬರುವುದು ಇದೇ ಕಾರಣಕ್ಕೆ. ಆ ಪ್ರದೇಶವನ್ನು ಇನ್ನೂ ಉದ್ದ ಮಾಡಬೇಕಾದರೆ ಕಣಿವೆಯ ತಳದಿಂದ ಮಣ್ಣು ತುಂಬಿಸುತ್ತ ಬರಬೇಕು. ಆ ತಳದಲ್ಲಿರುವುದು ಮತ್ತದೇ ಬೈಲು, ತೋಟ, ಮನೆಗಳು.