ಹಸುವನ್ನು ನಿಲ್ಲಿಸಿಯೇ ಕೊಯ್ದರು, ನಾಯಿಯನ್ನು ಮಲಗಿಸಿದರು. ಯಾಕೆ?

ಪ್ರಶ್ನೆ: ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನಮ್ಮ ಹಸುವಿನ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆದರು. ಅಷ್ಟೂ ಹೊತ್ತು ಹಸು ಕಣ್ಣು ಬಿಟ್ಟುಕೊಂಡು ನಿಂತೇ ಇತ್ತು. ಅಲ್ಲೇ ನಮ್ಮ ನಾಯಿಗೆ ಸಂತಾನಹರಣ ಮಾಡುವಾಗ ಮಾತ್ರ ಪೂರ್ತಿ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ಕೊಳವೆ ಹಾಕಿ, ಮಿಷನ್‌ಗೆ ಜೋಡಿಸಿದ್ದರು. ಮುಗಿದ ಮೇಲೂ ಸಂಜೆವರೆಗೆ ಮನೆಗೆ ಕಳಿಸಲಿಲ್ಲ. ಹಸುವಿನ ನೋವಿಗೆ ಬೆಲೆ ಇಲ್ಲವೇ, ಡಾಕ್ಟ್ರೇ?

ಉತ್ತರ: ಇದನ್ನು ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಕೇಳದವರ ಮುಖದಲ್ಲೂ ಅದೇ ಇರುತ್ತದೆ, ಮೂಗುದಾರ ಹಿಡಿದು ನಿಂತಿರುವಾಗ. ನೋವು ಎರಡಕ್ಕೂ ಒಂದೇ. ಬೇರೆ ಇರುವುದು ಹೊಟ್ಟೆ.

ಹಸುವಿನ ಎಡಮಗ್ಗುಲನ್ನೆಲ್ಲ ಆಕ್ರಮಿಸಿರುವ ರೂಮೆನ್ ಎಂಬ ಮೊದಲ ಹೊಟ್ಟೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ದೊಡ್ಡ ಹಸುವಿನಲ್ಲಿ 100 ಲೀಟರ್ ಮೀರುತ್ತದೆ. ಅದೊಂದು ಹುದುಗಿನ ಹಂಡೆ. ಮೇವು ಹುಳಿಯುತ್ತಾ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ, ಹಸು ತೇಗುತ್ತಾ ಹೊರಗೆ ಬಿಡುತ್ತಿರುತ್ತದೆ. ಪ್ರಜ್ಞೆ ತಪ್ಪಿಸಿದರೆ ತೇಗು ನಿಲ್ಲುತ್ತದೆ, ಗ್ಯಾಸ್ ನಿಲ್ಲುವುದಿಲ್ಲ. ಉಬ್ಬಿದ ಹೊಟ್ಟೆ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಒತ್ತಿ ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಕೊಡುವುದಿಲ್ಲ. ಸಾಲದ್ದಕ್ಕೆ ಹೊಟ್ಟೆಯ ರಸ ಗಂಟಲಿಗೆ ಉಕ್ಕುತ್ತದೆ, ಜೊಲ್ಲು ಧಾರಾಕಾರ ಸುರಿಯುತ್ತದೆ. ಅದು ಶ್ವಾಸನಾಳಕ್ಕೆ ಇಳಿಯಿತೆಂದರೆ ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಹಸು ನ್ಯುಮೋನಿಯಾದಲ್ಲಿ ಹೋಗಬಹುದು. ಉಪವಾಸ ಕಟ್ಟಿದರೆ ಸಾಲದೇ ಎಂದು ನೀವು ಕೇಳಬಹುದು. ಒಂದು ದಿನ ಮೇವು ನಿಲ್ಲಿಸಿದರೂ ಆ ಹಂಡೆ ಬರಿದಾಗುವುದಿಲ್ಲ.

ಆದ್ದರಿಂದ ಹಸುವನ್ನು ಎಚ್ಚರವಾಗಿ ಇಟ್ಟು ಪಕ್ಕೆಯನ್ನಷ್ಟೇ ಮರಗಟ್ಟಿಸುತ್ತೇವೆ. ಎದೆಯ ಕೊನೆಯ ನರ, ಅಂದರೆ 13ನೆಯದು, ಮತ್ತು ಸೊಂಟದ ಮೊದಲ ಎರಡು ನರಗಳು ಬೆನ್ನುಮೂಳೆಯಿಂದ ಹೊರಡುವ ಜಾಗಕ್ಕೇ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿ ಕೊಡಬೇಕು. ಎಂವಿಎಸ್‌ಸಿ (ಪಶುವೈದ್ಯಕೀಯ ಸ್ನಾತಕೋತ್ತರ) ಹುಡುಗರಿಗೆ ಇದನ್ನು ಕಲಿಸುವಾಗ ಉದ್ದದ ಸೂಜಿಯ ತುದಿ ಮೊದಲು ಎಲುಬಿಗೆ ತಾಗಲಿ ಎನ್ನುತ್ತೇನೆ. ಆಮೇಲೆ ಎಲುಬಿನ ಅಂಚು ಹುಡುಕಿ ಅಲ್ಲಿಂದ ಜಾರಿಸಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳೇ ನೋಡಬೇಕು. ಹತ್ತು ನಿಮಿಷ ಬಿಟ್ಟು ಪಕ್ಕೆಯ ಮೇಲೆ ಅಂಗೈ ಇಟ್ಟರೆ ಆ ಭಾಗದ ಚರ್ಮ ಬೆಚ್ಚಗಾಗಿರುತ್ತದೆ, ಏಕೆಂದರೆ ರಕ್ತನಾಳಗಳು ಸಡಿಲಗೊಂಡಿರುತ್ತವೆ. ಹಿಂದೆ ಹೋಗಿ ನಿಂತು ನೋಡಿದರೆ ಬೆನ್ನು ಆ ಕಡೆಗೆ ಬಿಲ್ಲಿನಂತೆ ಉಬ್ಬಿ ಬಾಗಿರುತ್ತದೆ, ಒಂದು ಮಗ್ಗುಲಿನ ಸ್ನಾಯು ಬಿಗಿ ಬಿಟ್ಟದ್ದರಿಂದ. ಇವೆರಡೂ ಕಂಡು, ಸೂಜಿ ಚುಚ್ಚಿದರೂ ಚರ್ಮ ಅದುರದಿದ್ದರೆ ಮಾತ್ರ ಕತ್ತಿ.

ಒಂದು ಮಾತು ಮುಚ್ಚಿಡಬಾರದು. ಪಕ್ಕೆ ಮರಗಟ್ಟಿದ್ದರೂ ಒಳಗಿನ ಹೊಟ್ಟೆಯನ್ನು ಜಗ್ಗಿದಾಗ ಹಸುವಿಗೆ ಗೊತ್ತಾಗುತ್ತದೆ. ಕರುಳು, ಹೊಟ್ಟೆಗಳಿಗೆ ಕೊಯ್ಯುವುದಕ್ಕಿಂತ ಎಳೆಯುವುದೇ ನೋವು. ಆಗ ಅದು ನರಳಿದ್ದನ್ನು ನೀವೂ ಕೇಳಿರಬಹುದು. ಅದಕ್ಕೇ ಅರಿವಳಿಕೆ ನೋಡಿಕೊಳ್ಳುವ ನಾವು ನೋವಿನ ಇಂಜೆಕ್ಷನ್ ಬೇರೆ ಕೊಡುತ್ತೇವೆ, ಕೈ ಮೆಲ್ಲಗೆ ಆಡಿಸಿ ಎಂದು ಸರ್ಜನ್ನರ ಹಿಂದೆ ಬೀಳುತ್ತೇವೆ.

ಹಾಗಾದರೆ ಸ್ವಲ್ಪ ಮಂಪರು ಬರಿಸಬಹುದಲ್ಲ? ಬರಿಸಬಹುದು, ಆದರೆ ಅಲ್ಲೇ ಕಾಲು ಜಾರುವುದು. ಕ್ಸೈಲಜಿನ್ ಎಂಬ ಔಷಧಿಗೆ ಹಸು, ಕುದುರೆಗಿಂತ ಸುಮಾರು ಹತ್ತು ಪಟ್ಟು ಸೂಕ್ಷ್ಮ. ನಾನು ಕಲಿಯುತ್ತಿದ್ದಾಗ ಒದೆಯುತ್ತಿದ್ದ ಹಸುವೊಂದಕ್ಕೆ ಇನ್ನೊಂಚೂರು ಇರಲಿ ಎಂದು ಕೊಟ್ಟೆ. ಸರ್ಜನ್ನರ ಕೈ ಮೊಣಕೈವರೆಗೆ ಒಳಗಿರುವಾಗ ಹಸುವಿನ ಮುಂಗಾಲು ಮಡಚಿತು. ಆರು ಜನ ಹಗ್ಗ ಹಿಡಿದು, ಎಡಪಕ್ಕೆ ನೆಲಕ್ಕೆ ತಾಗದಂತೆ ಬಲಮಗ್ಗುಲಿಗೆ ಕೆಡವಿದೆವು. ಹಸು ಉಳಿಯಿತು. ಬೈಗುಳವೂ ಇನ್ನೂ ಕಿವಿಯಲ್ಲಿ ಉಳಿದಿದೆ.

ಮಲಗಿಸಲೇಬೇಕಾದ ಸಂದರ್ಭಗಳೂ ಇವೆ. ಕಾಲಿನ ಮೂಳೆ ಮುರಿದಾಗ, ವಪೆ ಹರಿದ ಎಮ್ಮೆ ಬಂದಾಗ ಬೇರೆ ದಾರಿ ಇಲ್ಲ. ಆಗ ಬಾಯಿ ಅಗಲ ತೆರೆದೇ ಇರುವಂತೆ ಅಡ್ಡ ಕೊಟ್ಟು, ಕೈಯನ್ನೇ ಗಂಟಲವರೆಗೆ ಹಾಕಿ, ಬೆರಳಿನಿಂದ ಶ್ವಾಸನಾಳದ ಬಾಯಿ ತಡವಿ ಕೊಳವೆ ತೂರಿಸುತ್ತೇವೆ. ಕತ್ತಿನ ಕೆಳಗೊಂದು ದಿಂಬು ಇಟ್ಟು ಮೂತಿ ಕೆಳಗಾಗುವಂತೆ ಮಾಡುತ್ತೇವೆ, ಜೊಲ್ಲು ಒಳಗಿಳಿಯದೆ ಹೊರಗೆ ಹರಿಯಲಿ ಎಂದು. ಎರಡು ಸಾವಿರ ರೂಪಾಯಿಯ ಉಪಕರಣ ಮಾಡದ ಕೆಲಸವನ್ನು ಆ ದಿಂಬು ಮಾಡುತ್ತದೆ.

ಇನ್ನು ನಿಮ್ಮ ನಾಯಿ. ಅಂಡಾಶಯವನ್ನು ಬಿಗಿಯಾಗಿ ಹಿಡಿದಿರುವ ಕಟ್ಟನ್ನು ಎಳೆದು ಸಡಿಲಿಸಬೇಕು, ಅದೂ ನಾಯಿಯನ್ನು ಅಂಗಾತ ಮಲಗಿಸಿ. ಎಚ್ಚರವಿರುವ ಯಾವ ನಾಯಿಯೂ ಅದಕ್ಕೆ ಒಪ್ಪುವುದಿಲ್ಲ. ನಾಯಿಗೆ ಹಂಡೆಯ ಕಾಟವಿಲ್ಲ, ಆದ್ದರಿಂದ ಕೊಳವೆ ಹಾಕಿ ಐಸೋಫ್ಲೂರೇನ್ ಎಂಬ ಅರಿವಳಿಕೆ ಗ್ಯಾಸ್ ಕೊಡುವುದೇ ಕ್ಷೇಮ. ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತಿರುವ ವಿದ್ಯಾರ್ಥಿ ಮಾನಿಟರ್‌ಗಿಂತ ಹೆಚ್ಚಾಗಿ ಕಣ್ಣು ನೋಡಬೇಕು. ನಿದ್ದೆ ಹದವಾಗಿದ್ದರೆ ಕಣ್ಣುಗುಡ್ಡೆ ಕೆಳಕ್ಕೆ ಹೊರಳಿರುತ್ತದೆ. ನಡುವಿಗೆ ಬಂತೆಂದರೆ ಒಂದೋ ನಾಯಿ ಏಳುತ್ತಿದೆ, ಇಲ್ಲವೇ ತೀರ ಆಳಕ್ಕೆ ಇಳಿದಿದೆ. ಯಾವುದು ಎಂದು ತಿಳಿಯಲು ದವಡೆ ಹಿಡಿದು ಅಲುಗಿಸಿ ನೋಡಬೇಕು. ಬಿಗಿಯಿದ್ದರೆ ಏಳುತ್ತಿದೆ, ತೊಟ್ಟಿಲಂತೆ ತೂಗಿದರೆ ಗ್ಯಾಸ್ ಇಳಿಸು.

ನಮ್ಮ ಕಾಲೇಜುಗಳಲ್ಲಿ ಅರಿವಳಿಕೆಗೆ ಬೇರೆ ವಿಭಾಗ ಇರುವುದಿಲ್ಲ. ಅದು ಶಸ್ತ್ರಚಿಕಿತ್ಸಾ ವಿಭಾಗದ ಒಳಗೇ ಬರುತ್ತದೆ. ಅಮೆರಿಕದಲ್ಲಿ 1975ರಿಂದ ಇದಕ್ಕೇ ಪ್ರತ್ಯೇಕ ತಜ್ಞರ ಕಾಲೇಜು ಇದೆ. ನಮ್ಮಲ್ಲೂ ಬೇಕು ಎನ್ನುವ ಪಕ್ಷ ನನ್ನದು.

ಸಂಜೆವರೆಗೆ ಯಾಕೆ ಕಾಯಿಸಿದರು ಎಂದಿರಲ್ಲ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ನಡೆದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆ ಅಥವಾ ಮಂಪರು ಕೊಟ್ಟ ನಾಯಿಗಳಲ್ಲಿ ಶೇ. 0.17 ಸತ್ತಿದ್ದವು, ಹೆಚ್ಚುಕಡಿಮೆ 600ಕ್ಕೆ ಒಂದು. ಅದರಲ್ಲಿ ಅರ್ಧದಷ್ಟು ಸಾವು ಆಪರೇಷನ್ ಟೇಬಲ್ ಮೇಲೆ ಆದದ್ದಲ್ಲ, ಎಲ್ಲ ಮುಗಿದ ಮೇಲೆ ಆದದ್ದು, ಹೆಚ್ಚಿನವು ಮೊದಲ ಮೂರು ಗಂಟೆಯೊಳಗೆ. ಮೈ ತಣ್ಣಗಾಗಿರುತ್ತದೆ, ನಾಲಿಗೆ ಹಿಂದಕ್ಕೆ ಬಿದ್ದಿರಬಹುದು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಯಾದರೆ ಅದು ತಾನಾಗಿಯೇ ಕೊಳವೆಯನ್ನು ಉಗಿಯುವವರೆಗೂ ನಾವು ತೆಗೆಯುವುದಿಲ್ಲ. ನೀವು ಹೊರಗೆ ಬೆಂಚಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದಾಗ, ಒಳಗೆ ಯಾರೋ ಕಂಬಳಿ ಹೊದಿಸಿ ಅದರ ಒಸಡಿನ ಬಣ್ಣ ನೋಡುತ್ತಿದ್ದರು.