ಬೆಂಕಿ ತಡೆದ ಪ್ಲೇಟ್ ಸುತ್ತಿಗೆಗೆ ಯಾಕೆ ಒಡೆಯಿತು?

ಅಕ್ಟೋಬರ್ ಬಂತೆಂದರೆ ಕುಶಾಲನಗರದ ಸುತ್ತಮುತ್ತ ಕಾಫಿ ಡ್ರೈಯರ್‌ಗಳ ರಿಪೇರಿ ಶುರು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಣವನ್ನು ನಂಬಿ ಕೂರೋಕಾಗಲ್ಲ, ಅಲ್ವಾ? ಆಗ ನನ್ನ ಹತ್ತಿರ ಬರುವ ದೂರು ಹೆಚ್ಚುಕಡಿಮೆ ಒಂದೇ ಥರದ್ದು. ಒಲೆಯಲ್ಲಿ ಬೆಂಕಿಗೆ ಎದುರಾಗಿ ನಿಂತ ಸ್ಟೇನ್‌ಲೆಸ್ ಪ್ಲೇಟ್ ಸ್ವಲ್ಪ ಸೊಟ್ಟಗಾಗಿರುತ್ತದೆ. ನೆಟ್ಟಗೆ ಮಾಡೋಣ ಅಂತ ವೆಲ್ಡರ್ ಸುತ್ತಿಗೆಯಲ್ಲಿ ಬಡಿಯುತ್ತಾನೆ. ಪ್ಲೇಟ್ ಬಗ್ಗುವ ಬದಲು ಎರಡು ತುಂಡಾಗುತ್ತದೆ. "ದುಡ್ಡು ಸುರಿದು 310 ಗ್ರೇಡ್ ಸ್ಟೇನ್‌ಲೆಸ್ ಹಾಕಿಸಿದ್ದು ಸರ್, ಡೂಪ್ಲಿಕೇಟ್ ಮಾಲು ಕೊಟ್ಟುಬಿಟ್ರಾ?" ಅಂತ ತೋಟದವರು ಕೇಳುತ್ತಾರೆ.

ಬಹಳ ಸಲ ಮಾಲು ಸರಿಯಾಗೇ ಇರುತ್ತದೆ. ಎಡವಟ್ಟಾಗಿರುವುದು ಶಾಖದ ಲೆಕ್ಕದಲ್ಲಿ.

310ರಲ್ಲಿ ಸುಮಾರು 25 ಶೇಕಡಾ ಕ್ರೋಮಿಯಂ, 20 ಶೇಕಡಾ ನಿಕಲ್ ಇರುತ್ತದೆ. 1000 ಡಿಗ್ರಿ ಸೆಲ್ಸಿಯಸ್‌ನಲ್ಲೂ ಅದು ಸುಲಭಕ್ಕೆ ಪುಡಿಪುಡಿಯಾಗಿ ಉದುರುವುದಿಲ್ಲ. ಆದರೆ 600ರಿಂದ 900 ಡಿಗ್ರಿ ನಡುವೆ, ಅಂದರೆ ಮಂದ ಕೆಂಪಿನಿಂದ ಕೆಂಡದ ಕೆಂಪಿನ ತನಕ, ತಿಂಗಳುಗಟ್ಟಲೆ ಕಾದರೆ ಒಳಗೆ ಇನ್ನೊಂದು ಕೆಲಸ ನಡೆಯುತ್ತದೆ. ಕಬ್ಬಿಣ ಮತ್ತು ಕ್ರೋಮಿಯಂ ಸೇರಿ ಸಿಗ್ಮಾ ಎಂಬ ಹೊಸ ರಚನೆ ಕಟ್ಟಿಕೊಳ್ಳುತ್ತವೆ. ಇಂಥವನ್ನು ಇಂಟರ್‌ಮೆಟಾಲಿಕ್ ಅನ್ನುತ್ತೇವೆ. ಸಿಗ್ಮಾದ ಒಂದೊಂದು ಘಟಕದಲ್ಲೂ 30 ಪರಮಾಣುಗಳು ಇಕ್ಕಟ್ಟಾಗಿ ಕೂತಿರುತ್ತವೆ. ಪೆಟ್ಟು ಬಿದ್ದರೆ ಪದರಗಳು ಜಾರಲು ಜಾಗವಿಲ್ಲ. ಜಾರದಿದ್ದರೆ ಬಿರುಕು ಬಿಡಲೇಬೇಕು.

ಮುರಿದ ತುಂಡಿನ ಅಂಚು ನೋಡಿ. ಎಳೆದು ಹರಿದ ಗುರುತೇ ಇಲ್ಲ, ಕಾಳುಕಾಳಾಗಿ ಮಿನುಗುತ್ತದೆ. ಅದನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಕ್ಷಾರದ ದ್ರಾವಣದಲ್ಲಿಟ್ಟು ಕರೆಂಟ್ ಹಾಯಿಸಿದರೆ ಸಿಗ್ಮಾ ಮಾತ್ರ ಬಣ್ಣ ಹಿಡಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಲೋಹದ ಹರಳುಗಳ ಗಡಿಯುದ್ದಕ್ಕೂ ಅದು ಕೂತಿರುವುದು ಕಾಣುತ್ತದೆ. ಮ್ಯಾಗ್ನೆಟ್ ಹಿಡಿದು ನೋಡುವುದು ಸುಮ್ನೆ ಸಮಾಧಾನಕ್ಕೆ. 310 ಆಗಲಿ, ಸಿಗ್ಮಾ ಆಗಲಿ ಅದಕ್ಕೆ ಅಂಟುವುದಿಲ್ಲ.

ನನ್ನ ಲೆಕ್ಕದಲ್ಲಿ ಸಿಗ್ಮಾ ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದೇ ಮುಖ್ಯ. ನಾಗರಹೊಳೆಯಲ್ಲಿ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡುತ್ತಾರಲ್ಲ, ಒಣಗಿದ ಎಲೆ ಅಲ್ಲಲ್ಲಿ ಗುಡ್ಡೆಯಾಗಿದ್ದು ನಡುವೆ ಬರಿ ನೆಲ ಇದ್ದರೆ ಬೆಂಕಿ ಅಲ್ಲೇ ನಿಲ್ಲುತ್ತದೆ. ಬಿರುಕಿನ ಕಥೆಯೂ ಇದೇ. ಗಟ್ಟಿ ಕಣಗಳು ಬಿಡಿಬಿಡಿಯಾಗಿದ್ದರೆ ನಡುವಿನ ಮೆತ್ತನೆ ಲೋಹ ಹಿಗ್ಗಿ ಬಿರುಕನ್ನು ತಡೆಯುತ್ತದೆ. ಗಡಿಯುದ್ದಕ್ಕೂ ಕೂಡಿಕೊಂಡರೆ ಓಡಲು ದಾರಿ ಸಿಕ್ಕ ಹಾಗೆ.

ವಿಮಾನದ ಜೆಟ್ ಇಂಜಿನ್‌ನ ಬಿಸಿ ಭಾಗದಲ್ಲಿ ತಿರುಗುವ ಟರ್ಬೈನ್ ಬ್ಲೇಡ್‌ಗಳನ್ನೇ ನೋಡಿ. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಇಂಟರ್‌ಮೆಟಾಲಿಕ್ಕೇ, ನಿಕಲ್ ಮತ್ತು ಅಲ್ಯೂಮಿನಿಯಂನದು. ಆದರೂ ಸುಲಭಕ್ಕೆ ಒಡೆಯುವುದಿಲ್ಲ. ಪುಟ್ಟ ಪುಟ್ಟ ಘನಗಳಾಗಿ ಕೂತ ಅದರ ಸುತ್ತ ನಿಕಲ್‌ನ ತೆಳು ಪಟ್ಟಿಗಳಿವೆ. ಎರಡರ ಪರಮಾಣು ಸಾಲುಗಳೂ ಒಂದಕ್ಕೊಂದು ಹೊಂದಿಕೊಂಡಿವೆ. ಇನ್ನೂ ಹೆಚ್ಚಿನ ಶಾಖಕ್ಕೆಂದು ನಯೋಬಿಯಂ ಮತ್ತು ಸಿಲಿಕಾನ್ ಬೆರೆಸುವವರೂ ಇದೇ ದಾರಿ ಹಿಡಿದಿದ್ದಾರೆ. ಎರಡೂ ಸೇರಿ ಕಟ್ಟುವ ಸಿಲಿಸೈಡ್ ಒಂದೇ ಇದ್ದರೆ ಗಾಜಿನಷ್ಟೇ ಪೆಡಸು. ನಡುವೆ ನಯೋಬಿಯಂ ಉಳಿಸಿದರೆ ತಾಳಿಕೆ ಹಲವು ಪಟ್ಟು ಏರುತ್ತದೆ.

ಇನ್ನು ನಿಮ್ಮ ಪ್ಲೇಟ್ ವಿಚಾರ. ಬಿಸಿಯಿದ್ದಾಗ ಸಿಗ್ಮಾ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ತಣ್ಣಗಾದ ಮೇಲೇ ಅದರ ಕಾಟ. ಚಾರ್ಪಿ ಪರೀಕ್ಷೆಯಲ್ಲಿ, ಅಂದರೆ ಸಣ್ಣ ತುಂಡಿಗೆ ತೂಗುವ ಸುತ್ತಿಗೆಯಿಂದ ಒಂದೇ ಏಟು ಕೊಟ್ಟು ನೋಡುವಾಗ, ಹೊಸ ಪ್ಲೇಟಿನ ತುಂಡು ಮುರಿಯಲು 100 ಜೂಲ್‌ಗೂ ಜಾಸ್ತಿ ಶಕ್ತಿ ಬೇಕು. ಸಿಗ್ಮಾ ತುಂಬಿದ್ದಕ್ಕೆ ಕೆಲವೇ ಜೂಲ್ ಸಾಕಾಗಬಹುದು. ಹಾಗಾಗಿ ಒಂದೆರಡು ಸೀಸನ್ ಕಂಡ ಪ್ಲೇಟನ್ನು ತಣ್ಣಗಿರುವಾಗ ಬಡಿಯಬೇಡಿ. ಸೊಟ್ಟಗಿದ್ದರೂ ಕೆಲಸ ನಡೆಯುತ್ತದೆ ಅಂದರೆ ಹಾಗೇ ಬಿಡಿ. ಬಿರುಕಿಗೆ ವೆಲ್ಡಿಂಗ್ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಬಿಡಬಹುದು. 1050 ಡಿಗ್ರಿ ದಾಟಿಸಿ ಬೇಗ ತಣಿಸಿದರೆ ಸಿಗ್ಮಾ ಕರಗುತ್ತದೆ, ನಿಜ. ಆದರೆ ಅಷ್ಟು ದೊಡ್ಡ ಪ್ಲೇಟಿಗೆ ಆ ಖರ್ಚು ಮಾಡುವುದಕ್ಕಿಂತ ಹೊಸದು ತರುವುದೇ ವಾಸಿ.

ತರುವ ಮುಂಚೆ ಒಲೆಯ ಶಾಖ ಅಳೆಸಿ. ಯಾವಾಗಲೂ 700–800 ಡಿಗ್ರಿಯಲ್ಲೇ ಇದ್ದರೆ 304 ಗ್ರೇಡ್ ಸ್ಟೇನ್‌ಲೆಸ್ ಸಾಕಾಗುತ್ತದಾ ಅಂತ ಮೊದಲು ಕೇಳಿ. ಅದರಲ್ಲಿ ಸಿಗ್ಮಾ ಕಟ್ಟುವುದು ಬಹಳ ನಿಧಾನ, ಬೆಲೆಯೂ ಕಡಿಮೆ.