ಕೋಲ್ಕತ್ತ ಡರ್ಬಿ: ಪೈಪೋಟಿಯೊಳಗಿನ ನ್ಯಾಯದ ಪ್ರಶ್ನೆ

ಕೋಲ್ಕತ್ತದ ಫುಟ್‌ಬಾಲ್ ಕ್ಲಬ್‌ಗಳಾದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ‘ಡರ್ಬಿ’ಯಲ್ಲಿ, ಅಂದರೆ ಒಂದೇ ಊರಿನ ಎದುರಾಳಿಗಳ ಪಂದ್ಯದಲ್ಲಿ, ಎದುರಾದಾಗಲೆಲ್ಲ, ಒಂದು ಗ್ಯಾಲರಿಗೆ ಘೋರ ಅನ್ಯಾಯವೆನಿಸಿದ ಫೌಲ್ ಇನ್ನೊಂದು ಗ್ಯಾಲರಿಗೆ ಸಹಜ ಆಟವಾಗಿ ಕಾಣುತ್ತದೆ. ಈ ತಕರಾರನ್ನು ಅರ್ಥ ಮಾಡಿಕೊಳ್ಳಲು ಹಿಂದಕ್ಕೆ ಹೋಗಬೇಕಾಗುತ್ತದೆ.

1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1911ರಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಫುಟ್‌ಬಾಲ್ ಟೂರ್ನಿ ಗೆದ್ದಾಗ ಇಡೀ ಬಂಗಾಳ ಸಂಭ್ರಮಿಸಿತ್ತು. 1920ರಲ್ಲಿ ಜೋಡಾಬಾಗಾನ್ ಕ್ಲಬ್ ಇದೇ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಪೂರ್ವ ಬಂಗಾಳದ ಆಟಗಾರ ಶೈಲೇಶ್ ಬೋಸ್ ಅವರನ್ನು ಕೈಬಿಟ್ಟಿತು. ಅದರಿಂದ ನೊಂದವರು ಈಸ್ಟ್ ಬೆಂಗಾಲ್ ಕ್ಲಬ್ ಕಟ್ಟಿದರು. ವಿಭಜನೆಯ ಬಳಿಕ ಮನೆ ಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಈ ಕ್ಲಬ್‌ನ ಕೆಂಪು–ಹಳದಿ ಬಾವುಟವೇ ಊರಿನ ಗುರುತಾಯಿತು. ಸ್ಥಳೀಯ ‘ಘೋಟಿ’, ವಲಸೆ ಬಂದ ‘ಬಾಂಗಾಲ್’ ಎಂಬ ಭೇದ ಅಡುಗೆಮನೆಯವರೆಗೂ ಹರಡಿತು: ಬಾಗಾನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು.

ಈ ಅಭಿಮಾನ ಎಷ್ಟು ದುಬಾರಿಯಾಗಬಲ್ಲದು ಎಂಬುದು 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಡರ್ಬಿಯಲ್ಲಿ ತಿಳಿಯಿತು. ಎರಡೂ ಕಡೆಯ ಬೆಂಬಲಿಗರನ್ನು ಒಂದೇ ಗ್ಯಾಲರಿಯಲ್ಲಿ ಕೂರಿಸಲಾಗಿತ್ತು. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಹೊತ್ತಿದ ಜಗಳ ಮೇಲಕ್ಕೆ ಏರಿತು. ಕಲ್ಲು ತೂರಾಟದ ನಡುವೆ ತಪ್ಪಿಸಿಕೊಳ್ಳಲು ಇಕ್ಕಟ್ಟಾದ ದಾರಿಗಳತ್ತ ಜನ ನುಗ್ಗಿದರು. 16 ಮಂದಿ ಸತ್ತರು. ಆಟಗಾರರ ಒರಟುತನ, ಬೆಂಬಲಿಗರ ಆವೇಶ ಎಂದೆಲ್ಲ ಚರ್ಚೆ ನಡೆಯಿತು. ಆದರೆ ಅಷ್ಟು ಜನರನ್ನು ಬೆರೆಸಿ ಕೂರಿಸಿದ ವ್ಯವಸ್ಥೆಯ ಹೊಣೆ ಇವೆಲ್ಲಕ್ಕಿಂತ ಹಿರಿದು ಎಂಬುದನ್ನು ಮರೆಯಲಾಗದು. ಆ ದಿನವನ್ನು ಈಗಲೂ ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ರಕ್ತದಾನ ಮಾಡಿ ನೆನೆಯುತ್ತಾರೆ.

ಗ್ಯಾಲರಿಗಳು ಬೇರೆಯಾದರೂ ಕಲ್ಲುಗಳು ನಿಲ್ಲಲಿಲ್ಲ. 2012ರ ಡಿಸೆಂಬರ್‌ನಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಬಾಗಾನ್ ಆಟಗಾರ ರಹೀಂ ನಬಿ ಕಲ್ಲೇಟಿನಿಂದ ಗಾಯಗೊಂಡರು, ಅವರ ತಂಡ ದ್ವಿತೀಯಾರ್ಧ ಆಡಲು ನಿರಾಕರಿಸಿತು.

ಇಷ್ಟಾದರೂ, ಈ ಬೆಂಬಲಿಗರಿಗೆ ನ್ಯಾಯವೆಂದರೆ ತಮ್ಮ ತಂಡದ ಗೆಲುವಷ್ಟೇ ಎನ್ನುವುದು ಸರಿಯಲ್ಲ. 2024ರ ಆಗಸ್ಟ್‌ನಲ್ಲಿ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದು ನಗರ ಕುದಿಯುತ್ತಿದ್ದಾಗ, ಭದ್ರತೆಯ ಕಾರಣಕ್ಕೆ ಡುರಾಂಡ್ ಕಪ್ ಟೂರ್ನಿಯ ಡರ್ಬಿ ರದ್ದಾಯಿತು. ಪಂದ್ಯ ನಡೆಯಬೇಕಿದ್ದ 18ರಂದೇ ಎರಡೂ ಕ್ಲಬ್‌ಗಳ ಬೆಂಬಲಿಗರು ನಗರದ ಮತ್ತೊಂದು ಕ್ಲಬ್ ಮೊಹಮ್ಮಡನ್ ಸ್ಪೋರ್ಟಿಂಗ್‌ನವರನ್ನೂ ಕೂಡಿಕೊಂಡು ಕ್ರೀಡಾಂಗಣದ ಹೊರಗೆ ಸೇರಿ ಆ ವೈದ್ಯೆಗೆ ನ್ಯಾಯ ಕೇಳಿದರು, ಪೊಲೀಸರ ಲಾಠಿ ಏಟನ್ನೂ ಒಟ್ಟಿಗೇ ತಿಂದರು. ಅಂದು ಯಾರೂ ತಮ್ಮ ಜೆರ್ಸಿ ಕಳಚಿ ಬಂದಿರಲಿಲ್ಲ.